ಇನ್ನೊಂದ್ಸಲ ರಿಫ್ರೆಶ್ ಹೊಡಿ

ನಮ್ಮ ಕಡೆ ಕಂಪ್ಯೂಟರಿನ ಸಕಲ ರೋಗಕ್ಕೂ ಒಂದೇ ಮದ್ದು. ಮೌಸಿನ ಬಲಗುಂಡಿ ಒತ್ತಿ ರಿಫ್ರೆಶ್ ಹೊಡೆಯುವುದು. ಕೂಸಿಗೆ ದೃಷ್ಟಿಯಾದರೆ ಉಪ್ಪು, ಮೆಣಸಿನಕಾಯಿ ಇಳಿತೆಗೆಯುತ್ತಾರಲ್ಲ, ಹಾಗೆ ಮೂರು ಸಲ. ಮೂರಕ್ಕೆ ಇಳಿಯದಿದ್ದರೆ ಐದು. ಐದಕ್ಕೂ ಇಳಿಯದಿದ್ದರೆ ಆಪರೇಟರ್ ಎದ್ದು ಹೋಗಿ ಚಹಾ ಕುಡಿದು ಬರುತ್ತಾನೆ. ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ, ರೋಗವೂ ಹೋದಂತೆಯೇ.

ಮೊನ್ನೆ ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಆಧಾರ್ ಪ್ರಿಂಟು, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೊ, ಮೊಬೈಲ್ ರೀಚಾರ್ಜು, ಬೆಳೆ ವಿಮೆಯ ಅರ್ಜಿ, ಎಲ್ಲ ಒಂದೇ ಮೇಜಿನ ಮೇಲೆ ನಡೆಯುವ ಜಾಗ. ಒಬ್ಬ ಕಾಕಾ ಬಂದು ಟವಲಿನ ತುದಿಯ ಗಂಟು ಬಿಚ್ಚತೊಡಗಿದರು. ರೊಕ್ಕ ತೆಗೆಯುತ್ತಾರೆ ಅಂದುಕೊಂಡೆ. ಹೊರಗೆ ಬಂದದ್ದು ಪೆನ್‌ಡ್ರೈವು.

"ತಮ್ಮಾ, ಇದರಾಗ ನೀರಿನ ಅರ್ಜಿ ಐತಿ. ಹದಿನೈದು ವರ್ಷದ ಹಿಂದ ಟೈಪ್ ಮಾಡ್ಸಿದ್ದು. ತಾರೀಖು ಅಷ್ಟ ಬದ್ಲಿ ಮಾಡಿ ಒಂದು ಪ್ರಿಂಟ್ ಕೊಡು. ಉಳಿದದ್ದೇನೂ ಬದ್ಲಿ ಆಗಿಲ್ಲ."

ಅಂಗಡಿಯ ಹುಡುಗ ಪೆನ್‌ಡ್ರೈವು ಚುಚ್ಚಿದ. ಫೋಲ್ಡರ್ ತೆರೆಯಿತು. ನಲವತ್ತು ಫೈಲು ಸಾಲಾಗಿ ನಿಂತಿವೆ, ಒಂದರ ಹೆಸರೂ ಓದಲು ಬರುವಂಥದ್ದಲ್ಲ. ಇಂಗ್ಲಿಷಿನ ಎ ಅಕ್ಷರದ ತಲೆಯ ಮೇಲೆ ಗೀಟು, ಚುಕ್ಕಿ, ಅಲೆ, ಟೋಪಿ; ನಡುವೆ ಪೌಂಡು, ಯೆನ್ನು. ಕಾಕಾ ಕನ್ನಡಕ ಸರಿಸಿ ಬಗ್ಗಿ ನೋಡಿದರು.

"ಇದ್ಯಾವ ಭಾಷಿ?"

"ಕಂಪ್ಯೂಟರ್ ಭಾಷಿ ಕಾಕಾ."

"ನಾ ಕನ್ನಡದಾಗ ಕೊಟ್ಟಿದ್ದೆನಲ್ಲೋ."

ಹುಡುಗ ರಿಫ್ರೆಶ್ ಹೊಡೆದ. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಅದನ್ನೇ ತೋರಿಸಿತು. ಸಣ್ಣ ಐಕಾನು ಇದ್ದುದರಿಂದ ಹೀಗಿರಬಹುದೆಂದು ದೊಡ್ಡ ಐಕಾನು ಮಾಡಿದ. ಸಣ್ಣದಾಗಿ ಅರ್ಥವಾಗದ್ದು ದೊಡ್ಡದಾಗಿ ಅರ್ಥವಾಗಲಿಲ್ಲ. ಪಟ್ಟಿ ಮಾಡಿದ, ವಿವರ ಮಾಡಿದ, ತಾರೀಖಿನ ಪ್ರಕಾರ ಜೋಡಿಸಿದ, ತಲೆಕೆಳಗು ಜೋಡಿಸಿದ. ವೈರಸ್ ಹುಡುಕಿಸಿದ. ಯಾರೋ ಹೇಳಿಕೊಟ್ಟಿದ್ದರಂತೆ, ಟಾಸ್ಕ್ ಮ್ಯಾನೇಜರಿಗೆ ಹೋಗಿ ಎಕ್ಸ್‌ಪ್ಲೋರರನ್ನೇ ಕೊಂದು ಎಬ್ಬಿಸಿದ. ನಡುವೆ ಎರಡು ಕ್ಷಣ ಡೆಸ್ಕ್‌ಟಾಪು, ಕೆಳಗಿನ ಪಟ್ಟಿ ಎಲ್ಲ ಮಾಯವಾಗಿ ಬರಿ ಬಣ್ಣ ಉಳಿದಾಗ ಕಾಕಾ "ನನ್ನ ಡ್ರೈವು ಹೊರಗ ತಗೀಪ್ಪಾ" ಎಂದು ಕೂಗಿಕೊಂಡರು. ಕೊನೆಗೆ ಹುಡುಗ ನಮ್ಮ ನಾಡಿನ ಎಲ್ಲ ತಂತ್ರಜ್ಞರೂ ಕೊನೆಗೆ ಹೇಳುವ ಮಾತನ್ನೇ ಹೇಳಿದ: "ಫಾರ್ಮ್ಯಾಟ್ ಹೊಡೀಬೇಕ್ರಿ."

ನಾನು ಅವನ ಕೈ ಹಿಡಿದೆ. ಅದು ಕೆಟ್ಟಿರಲಿಲ್ಲ. ಓದಿದರೆ ಎಲ್ಲ ಅಲ್ಲೇ ಇತ್ತು.

ಮೂರನೇ ಸಾಲಿನ ಫೈಲು ನೋಡಿ. ಹೆಸರಿನ ಮೊದಲಿಗೆ ಒಂದು ಸಣ್ಣ ಸೊನ್ನೆ, ಅದರ ನಾಲ್ಕು ಮೂಲೆಗೆ ನಾಲ್ಕು ಕಾಲು, ದನದ ಮೈಮೇಲಿನ ಉಣ್ಣೆಯ ಹಾಗೆ. ಪಕ್ಕದಲ್ಲಿ ಅಲೆ ಹೊತ್ತ ಎ. ಆಮೇಲೆ ಸಣ್ಣ ಜಿ, ಗೀಟಿನ ಎ, ಎರಡು ಚುಕ್ಕಿಯ ಎ. ಇದು 'ನೀರು'. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನೀರು, ಫಾಂಟು ಕಳಚಿದಾಗ ಹೀಗೆ ಕಾಣುತ್ತದೆ. ಆ ನಾಲ್ಕು ಕಾಲಿನ ಸೊನ್ನೆ ಹಣದ ಗುರುತು. ರೂಪಾಯಿಯೂ ಅಲ್ಲ, ಡಾಲರೂ ಅಲ್ಲ. ಯಾವ ದೇಶದ ರೊಕ್ಕ ಎಂದು ಹೇಳುವ ಅಗತ್ಯವಿಲ್ಲದ ಕಡೆ ಹಾಕುವ ಗುರುತು. ನೀರಿನ ತಲೆಯಲ್ಲೇ ರೊಕ್ಕ ಕೂತಿದೆ, ಅದು ಯಾರದು ಎಂಬುದನ್ನು ಮಾತ್ರ ಹೇಳಿಲ್ಲ.

ಅದರ ಕೆಳಗೆ 'ಕಾಲುವೆ'. ಇದರ ಹೊಟ್ಟೆಯೊಳಗೆ, ಲ ಇರಬೇಕಾದ ಜಾಗದಲ್ಲಿ, ವೃತ್ತದೊಳಗೆ ಕೂತ ಆರ್ ಅಕ್ಷರ ಇದೆ. ಸೋಪಿನ ಪೊಟ್ಟಣದ ಮೇಲೆ, ಔಷಧಿ ಬಾಟಲಿಯ ಮೇಲೆ ಇರುತ್ತದಲ್ಲ, ನೋಂದಾಯಿತ ಎಂದು ಸಾರುವ ಗುರುತು. ನಮ್ಮ ಭಾಗದ ಕಾಲುವೆಯ ಬಗ್ಗೆ ಇದಕ್ಕಿಂತ ಖಚಿತವಾಗಿ ಯಾವ ಎಂಜಿನಿಯರೂ ಬರೆದಿಲ್ಲ. ನೋಂದಣಿ ಆಗಿದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರ ಕೊನೆಯಲ್ಲಿ ಇದೇ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತದ್ದು, 2021ರ ಮಸ್ಕಿ ಉಪಚುನಾವಣೆಯ ಭಾಷಣಗಳಲ್ಲಿ ಆ ಕಾಲುವೆ ದಂಡೆ ಮೀರಿ ಹರಿದದ್ದು ನಿಮಗೆ ನೆನಪಿರಬೇಕು. ಭಾಷಣದಲ್ಲಿ ಹರಿಯುವ ಕಾಲುವೆಗೆ ಡಿಸ್‌ಪ್ಲೇ ತೊಂದರೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಐದನೆಯದು 'ಬರ'. ಇದು ಶುರುವಾಗುವುದು ಕಾನೂನು ಪುಸ್ತಕದಲ್ಲಿ ಕಲಮು, ಸೆಕ್ಷನ್ ಎಂದು ತೋರಿಸಲು ಹಾಕುವ ಎರಡು ಕೊಕ್ಕೆಯ ಗುರುತಿನಿಂದ. ಮಳೆ ಬಾರದಿರುವುದು ಮೋಡದ ಕೆಲಸ, ಬರ ಬರುವುದು ಮಾತ್ರ ಮಾರ್ಗಸೂಚಿಯ ಕಲಮಿನ ಪ್ರಕಾರ ಎಂದು ಫಾಂಟು ಮಾಡಿದವರಿಗೆ ಹೇಗೆ ತಿಳಿಯಿತೋ. 'ಪಹಣಿ'ಯ ಮೊದಲಿಗೆ ಜಪಾನಿನ ಯೆನ್ ಇತ್ತು. ಅದನ್ನು ಕಾಕಾನಿಗೆ ಹೇಳಲಿಲ್ಲ; ಭೂಮಿ ಜಪಾನಿಗೆ ಹೋಯಿತೆಂದು ಗಾಬರಿಯಾದಾರು.

ಈಗ ಇದು ಹೀಗೇಕೆ ಎಂಬ ಮಾತು. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದರು. ಒಳಗೆ ಪೌಂಡು, ಹೊರಗೆ ನ. ಒಳಗೆ ಯೆನ್ನು, ಹೊರಗೆ ಪ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇಂಥ ಉಪಾಯಗಳು ಇಲ್ಲದಿದ್ದರೆ ಆಗ ಕನ್ನಡ ಪತ್ರಿಕೆ, ಕಚೇರಿ, ಮದುವೆ ಕಾರ್ಡು ಯಾವುದೂ ಕಂಪ್ಯೂಟರಿನ ಹೊಸ್ತಿಲು ದಾಟುತ್ತಿರಲಿಲ್ಲ. ಆ ಋಣ ದೊಡ್ಡದು. ಬಯಲಾಟದಲ್ಲಿ ಹೆಣ್ಣುಪಾತ್ರ ಮಾಡುವ ಗಂಡಸು ಎಷ್ಟೇ ಚೆನ್ನಾಗಿ ಮಾಡಿದರೂ ಬೆಳಗಾದ ಮೇಲೆ ಸೀರೆ ಬಿಚ್ಚಿಡಬೇಕು. ನಾವು ಬಿಚ್ಚಿಡಲಿಲ್ಲ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಸ್ವಂತದ ಜಾಗ ಸಿಕ್ಕಿತ್ತು. ನುಡಿ, ಬರಹಗಳೂ ಆಮೇಲೆ ಯುನಿಕೋಡಿಗೆ ಬಂದವು. ನಾವು ಮಾತ್ರ "ಅದರಾಗ ಡಿಟಿಪಿ ಸರಿ ಬರಂಗಿಲ್ರಿ" ಎಂದು ಹಳೆಯ ಸೀರೆಯಲ್ಲೇ ಹಗಲೆಲ್ಲ ಓಡಾಡಿದೆವು.

ಪತ್ರದ ಒಳಗಾದರೆ ಈ ವೇಷ ನಡೆಯುತ್ತದೆ. ಯಾಕೆಂದರೆ ಪತ್ರವು ತನ್ನ ಜೊತೆ 'ನನಗೆ ಇಂಥ ಫಾಂಟು ಉಡಿಸು' ಎಂಬ ಚೀಟಿ ಒಯ್ಯುತ್ತದೆ. ಫೈಲಿನ ಹೆಸರಿಗೆ ಆ ಚೀಟಿ ಇಲ್ಲ. ಫೈಲ್ ಮ್ಯಾನೇಜರು, ಅಂದರೆ ಆ ಎಕ್ಸ್‌ಪ್ಲೋರರು, ಎಲ್ಲ ಹೆಸರಿಗೂ ವ್ಯವಸ್ಥೆಯ ಒಂದೇ ಫಾಂಟು ಉಡಿಸಿ ಸಾಲಿಗೆ ನಿಲ್ಲಿಸುತ್ತದೆ. ಆಗ ಒಳಗಿದ್ದದ್ದು ಇದ್ದ ಹಾಗೆ ಕಾಣುತ್ತದೆ. ಹುಡುಗ ಒಂದು ತಾಸು ರಿಪೇರಿ ಮಾಡಲು ಹೊರಟಿದ್ದ ದೋಷ ದೋಷವೇ ಆಗಿರಲಿಲ್ಲ. ಆ ಅಂಗಡಿಯಲ್ಲಿ ಅಂದು ಸತ್ಯ ಹೇಳುತ್ತಿದ್ದವನು ಫೈಲ್ ಮ್ಯಾನೇಜರ್ ಒಬ್ಬನೇ: ನೀವು ಕೊಟ್ಟದ್ದು ಕನ್ನಡವಲ್ಲ ಸ್ವಾಮಿ, ತಲೆಗೆ ಗೀಟು ಹೊತ್ತ ಎ. ಸತ್ಯ ಹೇಳಿದವನನ್ನು ಟಾಸ್ಕ್ ಮ್ಯಾನೇಜರಿಗೆ ಹೋಗಿ ಕೊಂದು ಬಂದದ್ದೂ ಆಯಿತು.

ಹುಡುಗ ಸೋಲುವವನಲ್ಲ. ನನ್ನ ಉಪನ್ಯಾಸ ಕೇಳಿ, "ಹಂಗಾರ ಐಕಾನಿಗೂ ನುಡಿ ಉಡಿಸಿದ್ರ ಆತಲ್ರಿ ಸರ್" ಅಂದ. ಅವನ ಯಂತ್ರ ಹಳೆಯದು. ಐಕಾನುಗಳ ಹೆಸರಿನ ಫಾಂಟು ಬದಲಿಸುವ ಸವಲತ್ತು ಅದರಲ್ಲಿ ಇನ್ನೂ ಇತ್ತು. ಬದಲಿಸಿದ. ಆಹಾ! ನೀರು ನೀರಾಯಿತು, ಕಾಲುವೆ ಕಾಲುವೆಯಾಯಿತು, ಬರವೂ ತನ್ನ ಕಲಮು ಬಿಟ್ಟು ಬರಿ ಬರವಾಯಿತು. ಕಾಕಾ ಕೈ ಮುಗಿದರು. ಆದರೆ ಹುಡುಗ ಕಂಪ್ಯೂಟರಿನ ಮುಖಪುಟಕ್ಕೆ ಹೋದಾಗ ಅಲ್ಲಿದ್ದ ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡದ ಕೊಚ್ಚೆಯಾಗಿದ್ದವು. ಹಳೆಯ ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ಸಿ ಎಂದರೆ ಅ, ಡಿ ಎಂದರೆ ಆ, ಇ ಎಂದರೆ ಇ, ಎಫ್ ಎಂದರೆ ಈ. ಹಾಗಾಗಿ ಸಿ ಡ್ರೈವು ಅ, ಡಿ ಡ್ರೈವು ಆ, ಇ ಡ್ರೈವು ಇ, ಕಾಕಾನ ಪೆನ್‌ಡ್ರೈವು ಈ ಆಗಿ ಕೂತಿದ್ದವು. ಕಂಪ್ಯೂಟರಿನಲ್ಲಿ ಸಂಪೂರ್ಣ ಕನ್ನಡ ಎಂಬ ಘೋಷಣೆಯನ್ನು ಎಷ್ಟೋ ರಾಜ್ಯೋತ್ಸವಗಳಲ್ಲಿ ಕೇಳಿದ್ದೆ. ಅದು ಜಾರಿಯಾದದ್ದನ್ನು ಕಣ್ಣಾರೆ ಕಂಡದ್ದು ಅಂದೇ. ಬಾಲವಾಡಿಯ ಗೋಡೆಯ ಹಾಗೆ ಅಆಇಈ, ಉಳಿದದ್ದೆಲ್ಲ ಕಲಸು ಮೇಲೋಗರ. ಎರಡು ನಿಮಿಷದ ಕನ್ನಡ ರಾಜ್ಯ ಮುಗಿಸಿ ಹುಡುಗ ಫಾಂಟನ್ನು ಮೊದಲಿನಂತೆ ಮಾಡಿದ.

ಫಾಂಟು ಅಂದಾಗ ನೆನಪಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ತೋರಿಸಲು ಇದ್ದ ಫಾಂಟಿನ ಹೆಸರು ತುಂಗಾ. ಅಮೆರಿಕದಿಂದ ಹೊರಟ ಆ ತುಂಗಾ ರಾಯಚೂರು ಜಿಲ್ಲೆಯ ಕಟ್ಟಕಡೆಯ ಕಂಪ್ಯೂಟರಿನವರೆಗೂ ನಡುದಾರಿಯಲ್ಲಿ ಸೋರದೆ, ಯಾರೂ ಅಕ್ರಮವಾಗಿ ಪೈಪು ಹಾಕದೆ ಬಂದು ತಲುಪಿದಳು. ಹೊಸಪೇಟೆ ಬಳಿಯ ಅಣೆಕಟ್ಟಿನಿಂದ ಹೊರಟು ಎಡದಂಡೆ ಕಾಲುವೆಯಲ್ಲಿ ಬರುವ ತುಂಗಭದ್ರೆ ಇನ್ನೂ ಕೊನೆ ಭಾಗಕ್ಕೆ ಬರುವ ಹಾದಿಯಲ್ಲಿದ್ದಾಳೆ.

ಯುನಿಕೋಡಿಗೆ ಬಂದರೆ ಎಲ್ಲ ಸುಸೂತ್ರ ಎಂದು ನಾನು ಹೇಳಿದರೆ ನೀವು ನಂಬಬೇಡಿ. ಫೈಲ್ ಮ್ಯಾನೇಜರಿನಲ್ಲಿ ಕೊಪ್ಪಳ ಎಂಬ ಎರಡು ಫೋಲ್ಡರು ಅಕ್ಕಪಕ್ಕ ಇರಬಹುದು, ಅಕ್ಷರದಲ್ಲಿ ಕೂದಲೆಳೆಯ ವ್ಯತ್ಯಾಸ ಕಾಣದು. ಒಂದರಲ್ಲಿ ಕ ಅಕ್ಷರದ ಒತ್ವವನ್ನು ಒಂದೇ ಸಂಕೇತದಲ್ಲಿ ಬರೆದಿರುತ್ತದೆ, ಇನ್ನೊಂದರಲ್ಲಿ ಎತ್ವ ಮತ್ತು ಊತ್ವವನ್ನು ಬೇರೆ ಬೇರೆ ಒತ್ತಿ ಒಂದಾಗಿ ಕಾಣಿಸಿರುತ್ತದೆ. ವಿಂಡೋಸಿಗೆ ಇವು ಎರಡು ಬೇರೆ ಬೇರೆ ಹೆಸರು. 'ಫೈಲ್‌ಗಳು' ಎಂದು ಬಿಡಿಸಿ ಬರೆಯಲು ನಡುವೆ ಹಾಕುವ ಅಗಲವೇ ಇಲ್ಲದ ಸಂಕೇತವೂ ಹಾಗೆಯೇ. ಕಣ್ಣಿಗೆ ಕಾಣದು, ಲೆಕ್ಕಕ್ಕೆ ಮಾತ್ರ ಹಾಜರಿ. ಇಂಥ ನೌಕರರು ಕಂಪ್ಯೂಟರಿನ ಹೊರಗೂ ಇದ್ದಾರೆ, ಬಿಡಿ.

ಇನ್ನು ಜಾಗದ ಮಾತು. ಲಿನಕ್ಸ್ ಯಂತ್ರಗಳಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಅವಕಾಶ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಸಂತೆಕಲ್ಲೂರು ಎಂದು ಕನ್ನಡದಲ್ಲಿ ಬರೆದರೆ 11 ಸಂಕೇತ, 33 ಬೈಟ್. ಕನ್ನಡದ ಹೆಸರು 85 ಸಂಕೇತಕ್ಕೆ ನಿಲ್ಲಬೇಕು. ನಮ್ಮ ಯಾವುದಾದರೂ ಸರಕಾರಿ ಯೋಜನೆಯ ಪೂರ್ತಿ ಹೆಸರನ್ನು, ಅದಕ್ಕೆ ಮುಡಿಸಿದ ಮಹನೀಯರ ಸಮೇತ, ಇಷ್ಟರಲ್ಲಿ ಹಿಡಿಸಿ ತೋರಿಸಿದವರಿಗೆ ಅಂಗಡಿಯ ಲೆಕ್ಕದಲ್ಲಿ ಚಹಾ.

ಹುಡುಕಾಟದ ಡಬ್ಬಿಯ ಕಥೆ ಬೇರೆ. ಈ ಊರನ್ನು ಕೆಲವರು ಸಂತೆಕಲ್ಲೂರು ಎಂದು ಬರೆಯುತ್ತಾರೆ, ಕೆಲವರು ಸಂತೆಕೆಲ್ಲೂರು ಎಂದು. ಮೊದಲು ಲಿಂಗಸುಗೂರು ತಾಲ್ಲೂಕಿನ ಫೋಲ್ಡರಿನಲ್ಲಿತ್ತು, ಆಮೇಲೆ ಮಸ್ಕಿ ತಾಲ್ಲೂಕಾದಾಗ ಅಲ್ಲಿಗೆ ಕಟ್ ಮಾಡಿ ಪೇಸ್ಟ್ ಮಾಡಿದರು. ಹೆಸರು ಎರಡು, ದಾರಿ ಎರಡು. ಒಂದು ಎತ್ವ ಹೆಚ್ಚುಕಡಿಮೆಯಾದರೆ ಡಬ್ಬಿ 'ಏನೂ ಸಿಗಲಿಲ್ಲ' ಅನ್ನುತ್ತದೆ. ಘನಮಠದ ನಾಗಭೂಷಣ ಶಿವಯೋಗಿಗಳು 19ನೇ ಶತಮಾನದಲ್ಲೇ ಬೇಸಾಯದ ಬಗ್ಗೆ ಕನ್ನಡದಲ್ಲಿ 'ಕೃಷಿ ಜ್ಞಾನ ಪ್ರದೀಪಿಕೆ' ಎಂಬ ಪುಸ್ತಕ ಬರೆದ ಊರು ಇದು. ಒಂದು ಎತ್ವಕ್ಕೆ ಈ ಊರೇ ಇಲ್ಲ.

ಇಷ್ಟೆಲ್ಲ ಹೇಳಿ ಮಸ್ಕಿಯ ಬಂಡೆಯನ್ನು ಬಿಟ್ಟರೆ ನಮ್ಮ ಕಡೆಯವರು ಸುಮ್ಮನಿರುವುದಿಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅಲ್ಲಿ ಒಬ್ಬ ಅರಸ ಒಂದು ಫೈಲು ಸೇವ್ ಮಾಡಿ ಹೋದ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎಷ್ಟೋ ಶತಮಾನ ಅದರ ಮುಂದೆ ಓಡಾಡಿದವರಿಗೆ ಅದು ಈ ನಲವತ್ತು ಫೈಲಿನ ಹಾಗೆ ಬರಿ ಗೀಟು, ಕೊಕ್ಕೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೆ ಫಾಂಟು ಸಿಕ್ಕಿತು. ಆದರೂ ಶಾಸನಗಳಲ್ಲಿ ಸಿಗುತ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಫೈಲಿನ ಮಾಲೀಕನ ಸ್ವಂತ ಹೆಸರು ಕಲ್ಲಿನ ಮೇಲೆ ಕಾಣಿಸಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡ, ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಲೋಕಕ್ಕೆಲ್ಲ ಅರಸನ ಗುಣಲಕ್ಷಣಗಳ ಕಿಟಕಿ ತೆರೆದು ಮಾಲೀಕನ ಹೆಸರು ತೋರಿಸಿದ್ದು ನಮ್ಮ ಮಸ್ಕಿ. ಚಿನ್ನ ಹುಡುಕಲು ಬಂದವನು ರಿಫ್ರೆಶ್ ಹೊಡೆಯಲಿಲ್ಲ, ಫಾರ್ಮ್ಯಾಟ್ ಹೊಡೆಯಬೇಕು ಅನ್ನಲೂ ಇಲ್ಲ. ಮಸ್ಕಿಯ ಬಂಡೆ ಎರಡು ಸಾವಿರ ವರ್ಷದ ಮೇಲೂ ತೆರೆಯುತ್ತದೆ. ಅದೇ ತಾಲ್ಲೂಕಿನ ಪೆನ್‌ಡ್ರೈವು ಹದಿನೈದಕ್ಕೇ ಬಾಯಿ ಮುಚ್ಚಿತ್ತು. ವ್ಯತ್ಯಾಸ ಇಷ್ಟೇ: ಅಶೋಕನ ಕಲ್ಲುಕುಟಿಗ ಬ್ರಾಹ್ಮಿ ಎಂದು ಹೇಳಿ ಬ್ರಾಹ್ಮಿಯನ್ನೇ ಕೆತ್ತಿದ್ದ.

ಕಾಕಾನ ಅರ್ಜಿಗೆ ಬರೋಣ. ಹಳೆಯ ಫಾಂಟು ಹುಡುಕಿ ಹಾಕಿ ಪತ್ರ ತೆರೆದೆವು. ಒಳಗೆ ಅಚ್ಚಗನ್ನಡ. 'ಮಾನ್ಯರೆ, ಕಾಲುವೆಯ ಕೊನೆ ಭಾಗದ ರೈತರಾದ ನಾವು' ಎಂಬಲ್ಲಿಂದ ಕೊನೆಯ ಸಹಿಯ ಜಾಗದವರೆಗೆ ಕಾಕಾ ಬೆರಳಿಟ್ಟು ಓದಿಕೊಂಡರು. ಒಂದು ಮಾತೂ ತಿದ್ದುವಂತಿರಲಿಲ್ಲ; ನೀರು ಹೇಗೆ ಬಂದಿರಲಿಲ್ಲವೋ ಹಾಗೇ ಬಂದಿರಲಿಲ್ಲ. ಅಲ್ಲಿದ್ದ ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆವು. ಎರಡು ಕಡೆ ಅರ್ಕಾವತ್ತು ಹಾರಿ ಪಕ್ಕದ ಅಕ್ಷರದ ಮೇಲೆ ಕೂತಿತ್ತು, ಕೈಯಲ್ಲಿ ಇಳಿಸಿದೆವು. ತಾರೀಖು ಬದಲಿಸಿದೆವು. ಸೇವ್ ಮಾಡುವಾಗ ಹುಡುಗ ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ 'ನೀರು ಫೈನಲ್ 2' ಎಂದು ಕುಟ್ಟತೊಡಗಿದ. ನಾನು ತಡೆದು, ಕನ್ನಡದಲ್ಲೇ ಹೆಸರಿಡು ಅಂದೆ. ಅವನಿಗೆ ಇದು ಹೊಳೆದೇ ಇರಲಿಲ್ಲ. "ಇಡಾಕ ಬರ್ತದೇನ್ರಿ ಸರ್?" ಎಂದು ಕೇಳಿ, ಕೀಲಿಮಣೆ ಬದಲಿಸಿ, 'ನೀರಿನ ಅರ್ಜಿ' ಎಂದು ಟೈಪ್ ಮಾಡಿದ. ಫೋಲ್ಡರಿನಲ್ಲಿ ನಲವತ್ತು ಗೀಟಿನ ಎಗಳ ನಡುವೆ ಒಂದು ಸಾಲು ಕನ್ನಡ ಬಂತು. ಕಾಕಾ ಫೋಟೊ ಹೊಡೆಸಿಕೊಂಡರು.

ಅರ್ಜಿಯ ಪ್ರಿಂಟು ಹತ್ತು ರೂಪಾಯಿ, ಇಮೇಲು ಇಪ್ಪತ್ತು. ಎರಡೂ ಹೋದವು. ನಾಲ್ಕನೇ ದಿನ ಕಚೇರಿಯಿಂದ ಅಂಗಡಿಗೆ ಫೋನು: ಫೈಲಿನ ಹೆಸರು ನಮ್ಮಲ್ಲಿ ಡಬ್ಬಿ ಡಬ್ಬಿ ಕಾಣ್ತಿದೆ, ಇಂಗ್ಲಿಷಿನಲ್ಲಿ ಹೆಸರಿಟ್ಟು ಮತ್ತೆ ಕಳಿಸಿ. ಹುಡುಗ ಅವರಿಗೆ ಗೌರವದಿಂದಲೇ ಹೇಳಿದನಂತೆ: "ಒಂದ್ಸಲ ರಿಫ್ರೆಶ್ ಹೊಡೀರಿ ಸರ್." ಅವರು ಹೊಡೆದರಂತೆ. ಆಗಲಿಲ್ಲವಂತೆ.

ಕಾಕಾನ ಅರ್ಜಿ ಈಗ ಆ ಕಚೇರಿಯ ಕಂಪ್ಯೂಟರಿನಲ್ಲಿ 'ನ್ಯೂ ಫೋಲ್ಡರ್ 3' ಎಂಬುದರ ಒಳಗಿದೆ. ಫೈಲಿನ ಹೆಸರು 'ನ್ಯೂ'.